ಸೆರಗು ಬಲಕ್ಕೆ ಬಂದರೆ ಬರಲಿ ಬಿಡಿ

ಮೊನ್ನೆ ಭಾನುವಾರ ಚಿಕ್ಕಮ್ಮನನ್ನು ಜಗುಲಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆದೆ. ಮರದ ದೊಡ್ಡ ಕ್ಯಾಮೆರಾ, 4x5 ಇಂಚಿನದು. ಒಳಗಿದ್ದದ್ದು ಫಿಲ್ಮ್ ಅಲ್ಲ, ಹಾರ್ಮನ್ ಕಂಪನಿಯ ಡೈರೆಕ್ಟ್ ಪಾಸಿಟಿವ್ ಪೇಪರ್. ತೊಳೆದು ಒಣಗಿಸಿದರೆ ಹಪ್ಪಳದ ಹಾಗೆ ಸುರುಳಿ ಸುತ್ತಿತ್ತು. ರಾತ್ರಿಯೆಲ್ಲ ಪುಸ್ತಕದಡಿ ಇಟ್ಟು, ಬೆಳಿಗ್ಗೆ ಅವರ ಕೈಗೆ ಕೊಟ್ಟೆ.

"ಚೆನ್ನಾಗಿದೆ ಕಣೋ. ಆದ್ರೆ ಸೆರಗು ಯಾಕೆ ಬಲಗಡೆ? ನನ್ನನ್ನ ಗುಜರಾತಿ ಮಾಡ್ಬಿಟ್ಯಲ್ಲೋ!"

ಮಾಮೂಲಿ ಫೋಟೋ ಪೇಪರ್‌ಗೆ ಬೆಳಕು ಬಿದ್ದ ಜಾಗ ಕಪ್ಪಾಗುತ್ತದೆ. ಇದು ಉಲ್ಟಾ. ಬೆಳಕು ಬಿದ್ದದ್ದು ಬೆಳ್ಳಗೆ, ಬೀಳದ್ದು ಕಪ್ಪು. ಹಾಗಾಗಿ ನೆಗೆಟಿವ್ ಬೇಡ, ಅದನ್ನು ದೊಡ್ಡದು ಮಾಡಿ ಮುದ್ರಿಸುವ ಎನ್‌ಲಾರ್ಜರ್ ಬೇಡ. ಕ್ಯಾಮೆರಾದಿಂದ ತೆಗೆದು ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್ ಎಂಬ ಮೂರು ದ್ರಾವಣ ದಾಟಿಸಿದರೆ ಫೋಟೋ ಮುಗಿಯಿತು. ಒಂದೇ ಪ್ರತಿ. ನೆಗೆಟಿವ್ ಆದರೆ ಮಗುಚಿ ಹಾಕಿ ಎಡ ಬಲ ಸರಿ ಮಾಡಬಹುದು. ಕಾಗದವನ್ನು ಹಿಂದಿನಿಂದ ನೋಡೋಕಾಗಲ್ಲ ಅಲ್ವಾ? ಅದಕ್ಕೇ ಇದರಲ್ಲಿ ಎಲ್ಲರೂ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತಾರೆ.

ಈ ಪೇಪರ್ ತುಂಬ ನಿಧಾನ. ಬೆಳಕಿಗೆ ಎಷ್ಟು ಚುರುಕು ಅಂತ ಹೇಳುವ ಐಎಸ್ಓ ಅಂಕಿ ಇದಕ್ಕೆ 1ರಿಂದ 3. 400ರ ಫಿಲ್ಮ್‌ಗೆ ಹೋಲಿಸಿದರೆ ನೂರು ಪಟ್ಟಿಗಿಂತ ಜಾಸ್ತಿ ಬೆಳಕು ಬೇಕು. ಜಗುಲಿಯ ನೆರಳಲ್ಲಿ ಲೆನ್ಸಿನ ಕಿಂಡಿ ಎಫ್/8ಕ್ಕೆ ಇಟ್ಟು 3 ಸೆಕೆಂಡ್ ಕೊಟ್ಟೆ. ಶಟರ್ ಬೇಕಿಲ್ಲ, ಲೆನ್ಸಿನ ಮುಚ್ಚಳ ತೆಗೆದು ಒಂದು ಎರಡು ಮೂರು ಅಂತ ಎಣಿಸಿ ಮತ್ತೆ ಮುಚ್ಚಿದರೆ ಆಯಿತು. ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ಅಂತರ, ಮಾತ್ರ ವಿಪರೀತ. ಬಿಳಿ ಅಂಗಿ ಸುಟ್ಟು ಹೋಗುತ್ತೆ, ತಲೆಗೂದಲು ಟಾರಿನ ಗುಡ್ಡೆ ಆಗುತ್ತೆ. ಪೇಪರ್‌ಗೆ ಮೊದಲೇ ಒಂಚೂರು ಮಂದ ಬೆಳಕು ತೋರಿಸಿಟ್ಟುಕೊಂಡರೆ ನೆರಳಿನ ಜಾಗ ಸ್ವಲ್ಪ ತೆರೆದುಕೊಳ್ಳುತ್ತೆ. ಪ್ರೀ-ಫ್ಲಾಶ್ ಅಂತಾರೆ. ಅದು ಮಾಡದೆ ಮೊದಲ ನಾಲ್ಕು ಹಾಳೆ ಹಾಳು ಮಾಡಿದ್ದೇನೆ.

ಕೆಂಪು ಬಣ್ಣ ಇದರ ಕಣ್ಣಿಗೆ ಬೀಳುವುದಿಲ್ಲ. ಅನುಕೂಲವೂ ಹೌದು, ಕೆಂಪು ದೀಪದಲ್ಲೇ ಹಾಳೆಯನ್ನು ಕ್ಯಾಮೆರಾಗೆ ಸಿಕ್ಕಿಸುವ ಹೋಲ್ಡರ್‌ಗೆ ಹಾಕಬಹುದು. ನನ್ನ ಹೋಲ್ಡರ್‌ಗೆ ಹಾಳೆ ಕೂದಲೆಳೆಯಷ್ಟು ದೊಡ್ಡದು, ಅಂಚು ಕತ್ತರಿಸಲೇಬೇಕು. ಕತ್ತಲಲ್ಲಾಗಿದ್ದರೆ ಬೆರಳು ಹೋಗುತ್ತಿತ್ತು! ಆದರೆ ಚಿಕ್ಕಮ್ಮನ ಕುಂಕುಮ ಮಾತ್ರ ಕಾಡಿಗೆ ಬೊಟ್ಟಿನಂತೆ ಕಪ್ಪಾಗಿ ಕೂತಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಪೇಪರ್‌ನಲ್ಲಿ ತೆಗೆದ ಅನೇಕರು ಸ್ಕ್ಯಾನ್ ಮಾಡಿ, ಸುಮ್ನೆ ಒಂದು ಬಟನ್ ಒತ್ತಿ ಎಡ ಬಲ ತಿರುಗಿಸಿ ಹಾಕುತ್ತಾರೆ. ನನಗೆ ಇದು ಹಿಡಿಸುವುದಿಲ್ಲ. ಕೈಯಲ್ಲಿರುವ ವಸ್ತು ಒಂದು, ತೋರಿಸುವುದು ಇನ್ನೊಂದು.

ಹೌದು, ಉಲ್ಟಾ ಚಿತ್ರದಿಂದ ಜನ ಮೋಸ ಹೋಗಿದ್ದಾರೆ. ಅಮೆರಿಕದ ಬಿಲ್ಲಿ ದ ಕಿಡ್ ಎಂಬ ಪುಂಡನ ಹೆಸರುವಾಸಿ ಫೋಟೋ 1880ರ ಹೊತ್ತಿನ ಟಿನ್‌ಟೈಪ್, ಅಂದರೆ ತಗಡಿನ ಮೇಲೆ ನೇರ ತೆಗೆದ ಚಿತ್ರ. ಅದೂ ಹೀಗೇ ಕನ್ನಡಿ ಚಿತ್ರ. ಪಿಸ್ತೂಲು ಎಡಗಡೆ ಕಂಡಿತು ಅಂತ ಅವನನ್ನು ಎಷ್ಟೋ ವರ್ಷ ಎಡಚ ಅಂದುಕೊಂಡಿದ್ದರು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಅವನ ವಿಂಚೆಸ್ಟರ್ ಬಂದೂಕು. ಗುಂಡು ತುಂಬುವ ಕಿಂಡಿ ಅದರಲ್ಲಿ ಬಲಕ್ಕಿರುತ್ತೆ, ಚಿತ್ರದಲ್ಲಿ ಎಡಕ್ಕಿದೆ. ಆದರೆ ತಪ್ಪು ನೋಡಿದವರದು, ತಗಡಿನದಲ್ಲ. ಫ್ರಾನ್ಸಿನ ಹಿಪ್ಪೊಲಿಟ್ ಬಯಾರ್ ನೆಗೆಟಿವ್ ಇಲ್ಲದೆ ನೇರ ಕಾಗದದ ಮೇಲೆ ಚಿತ್ರ ತೆಗೆದದ್ದು 1839ರಲ್ಲಿ. ಫೋಟೋ ಕಂಡುಹಿಡಿದ ಹೆಸರೆಲ್ಲ ಡಾಗೇರ್ ಎಂಬ ಇನ್ನೊಬ್ಬನಿಗೆ ಹೋಯಿತು ಅಂತ ಸಿಟ್ಟಾಗಿ, ಮರುವರ್ಷ ತಾನೇ ನೀರಿಗೆ ಬಿದ್ದು ಸತ್ತ ಹೆಣದಂತೆ ಪೋಸ್ ಕೊಟ್ಟು ಒಂದು ಫೋಟೋ ತೆಗೆದುಕೊಂಡ. ಅಂಥ ಹಟಮಾರಿಯ ವಂಶದ ಪೇಪರ್ ಸ್ವಾಮಿ ಇದು.

ಹಿಂದೆ ಅಂಗಡಿ ಬೋರ್ಡ್ ಇದ್ದರೆ ಏನು ಮಾಡೋದು ಅಂತ ಕೇಳಬಹುದು. ಅಕ್ಷರ ಉಲ್ಟಾ ಬಂದರೆ ನನಗೂ ಕಸಿವಿಸಿ. ನಾನು ಬೋರ್ಡ್ ಬಿಟ್ಟು ಮನುಷ್ಯರನ್ನು ಒಂದೆರಡು ಹೆಜ್ಜೆ ಸರಿಸುತ್ತೇನೆ.

ಆ ದಿನ ಚಿಕ್ಕಮ್ಮ ಸುಮ್ಮನಾಗಲಿಲ್ಲ. ಫೋಟೋ ತೆಗೆದುಕೊಂಡು ಹೋಗಿ ಬೀರು ಕನ್ನಡಿಯ ಮುಂದೆ ಹಿಡಿದರು. ಸೆರಗು ಎಡಕ್ಕೆ ಬಂತು. ಎರಡು ನಿಮಿಷ ನೋಡಿದರು. "ಅಯ್ಯೋ, ಮುಖ ಯಾಕೋ ಸೊಟ್ಟ ಆಯ್ತಲ್ಲೋ. ಇದು ನಾನಲ್ಲ."

ಹಿಂದೆ ನಿಂತಿದ್ದ ಚಿಕ್ಕಪ್ಪ ಕನ್ನಡಿಗೆ ಇಣುಕಿ ಹೇಳಿದರು, "ಇದೇ ಕಣೇ ನೀನು. ಕೈಯಲ್ಲಿರೋದು ಯಾರೋ ಬೇರೆ."