ಸ್ಪಷ್ಟನೆ: 'ಕಾಮ್'ಗೆ ಕೊಡುವ ಮೊದಲು 'ಸಾರ್ಟ್ -ಎನ್' ಬೇಡ

ಮಂಗಳೂರು, ಉಡುಪಿ ಕಡೆಯ ಆಫೀಸ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸದಸ್ಯರ ಎರಡು ಸಿಎಸ್‌ವಿ ಪಟ್ಟಿಗಳನ್ನು ಹೋಲಿಸಲು 'ಸಾರ್ಟ್ -ಎನ್' ಮಾಡಿ 'ಕಾಮ್'ಗೆ ಕೊಡಿ." 'ಸಾರ್ಟ್' ಎಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಲಿನಕ್ಸ್ ಕಮಾಂಡ್, '-ಎನ್' ಕೊಟ್ಟರೆ ಸಂಖ್ಯೆಯ ಬೆಲೆಯ ಕ್ರಮ. 'ಕಾಮ್' ಹಾಗೆ ಜೋಡಿಸಿದ ಎರಡು ಫೈಲುಗಳನ್ನು ಸಾಲು ಸಾಲಾಗಿ ಹೋಲಿಸುವ ಕಮಾಂಡ್. ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಫೈಲ್. ಮೆಸೇಜಿನ ಈ ಸಲಹೆ ತಪ್ಪು.

'ಕಾಮ್' ಸಂಖ್ಯೆಯ ಬೆಲೆ ನೋಡುವುದಿಲ್ಲ, ಇಡೀ ಸಾಲನ್ನು ಅಕ್ಷರಕ್ರಮದಲ್ಲೇ ಹೋಲಿಸುತ್ತದೆ. ಮೊದಲ ಫೈಲಿನಲ್ಲಿ 9, 10, 11, ಎರಡನೆಯದರಲ್ಲಿ 10, 11 ಇದೆ ಎನ್ನಿ. ಅಕ್ಷರಕ್ರಮದಲ್ಲಿ 10, 9ಕ್ಕಿಂತ ಮೊದಲು, ಏಕೆಂದರೆ ಅದರ ಮೊದಲ ಅಂಕಿ 1. ಹಾಗಾಗಿ 10 ಮತ್ತು 11 ಎರಡನೆಯ ಫೈಲಿನಲ್ಲಿ ಮಾತ್ರ ಇವೆ ಎಂದು ಬರುತ್ತದೆ, ಆಮೇಲೆ ಅವೇ ಮೊದಲ ಫೈಲಿನಲ್ಲಿ ಮಾತ್ರ ಇವೆ ಎಂದೂ ಬರುತ್ತದೆ! ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಆವೃತ್ತಿಯ 'ಕಾಮ್' ಎಚ್ಚರಿಕೆ ಕೊಡುತ್ತದೆ, ಆದರೆ ಅದು ಎರರ್ ಔಟ್‌ಪುಟ್‌ಗೆ ಹೋಗುವುದರಿಂದ ಫಲಿತಾಂಶದ ಫೈಲಿನಲ್ಲಿ ಕಾಣದು.

ಸರಿಯಾದ ಕ್ರಮ: ಎರಡೂ ಫೈಲುಗಳನ್ನು '-ಎನ್' ಇಲ್ಲದೆ ಸಾರ್ಟ್ ಮಾಡಿ, ನಂತರ 'ಕಾಮ್ -3' ಕೊಡಿ, ವ್ಯತ್ಯಾಸ ಇರುವ ಸಾಲುಗಳಷ್ಟೇ ಉಳಿಯುತ್ತವೆ. ಮೂರೂ ಕಮಾಂಡುಗಳ (ಎರಡು 'ಸಾರ್ಟ್', ಒಂದು 'ಕಾಮ್') ಮುಂದೆ 'ಎಲ್‌ಸಿ_ಆಲ್=ಸಿ' ಇರಲಿ, ಇಲ್ಲವಾದರೆ ಲೊಕೇಲ್ (ಕಂಪ್ಯೂಟರಿನ ಭಾಷೆ-ಪ್ರದೇಶದ ಸೆಟ್ಟಿಂಗ್) ಬದಲಾದಾಗ ಕ್ರಮವೂ ಬದಲಾಗಬಹುದು. ಗ್ನೂ ಕೈಪಿಡಿಯಲ್ಲೂ ಎರಡು ಫೈಲುಗಳು ಒಂದೇ ಲೊಕೇಲ್ ಕ್ರಮದಲ್ಲಿರಬೇಕೆಂದೇ ಇದೆ.

ಅದೇ ಮೆಸೇಜಿನಲ್ಲಿ 'ಸಾರ್ಟ್'ಗೆ '-ಕೆ2' ಎಂದೂ ಇದೆ. ಹಾಗೆಂದರೆ ಎರಡನೆಯ ಕಾಲಂ ಮಾತ್ರ ನೋಡಿ ಜೋಡಿಸುವುದಲ್ಲ, ಅಲ್ಲಿಂದ ಸಾಲಿನ ಕೊನೆಯವರೆಗೆ ನೋಡುವುದು. 'ಕಾಮ್'ಗಲ್ಲದೆ ಬೇರೆ ಕೆಲಸಕ್ಕೆ ಆ ಕಾಲಂ ಪ್ರಕಾರ ಮಾತ್ರ ಸಾರ್ಟ್ ಬೇಕಿದ್ದರೆ '-ಟಿ, -ಕೆ2,2' ಕೊಡಿ ('-ಟಿ,' ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇದೆ ಎಂದು). ವಿಳಾಸದಲ್ಲಿ "ಮಣಿಪಾಲ, ಉಡುಪಿ" ಎಂದು ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಇದ್ದರೆ ಇದೂ ಕೆಡುತ್ತದೆ, 'ಸಾರ್ಟ್'ಗೆ ಆ ಚಿಹ್ನೆಯ ಅರ್ಥ ತಿಳಿಯದು. ಒಂದು ಫೈಲ್ ವಿಂಡೋಸಿನದಾದರೆ ಅದರ ಸಾಲುಗಳ ಕೊನೆಯ ಗುರುತು ಬೇರೆ, ಒಂದೇ ಸಾಲೂ ಬೇರೆಯಾಗಿ ಕಾಣುತ್ತದೆ. ಹಾಗಾಗಿ ಮೊದಲು ಆ ಗುರುತು ಸರಿಪಡಿಸುವ 'ಡಾಸ್2ಯುನಿಕ್ಸ್' ಕಮಾಂಡ್ ಕೊಡಿ.

ದಯವಿಟ್ಟು ಹಳೆಯ ಮೆಸೇಜನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಅದರಂತೆ ಪಟ್ಟಿಯಿಂದ ಹೆಸರು ತೆಗೆದಿದ್ದರೆ ಇನ್ನೊಮ್ಮೆ ಹೋಲಿಸಿ ನೋಡಿ.