ಅದೇ ಆಳ ಅಂದರೆ ಅದೇ ಮಣ್ಣಲ್ಲ

ಇಂಗ್ಲೆಂಡಿನ ಹೊಲಗಳ ನಡುವೆ ಇರುವ, ಕಂದಕ ಸುತ್ತಿದ ಕಬ್ಬಿಣ ಯುಗದ ನೆಲೆಗಳ (ಎರಡು ಸಾವಿರ ವರ್ಷಕ್ಕೂ ಹಿಂದೆ ಜನ ವಾಸಿಸಿದ ಜಾಗಗಳ) ಬಗ್ಗೆ ನೀವು ಲೇಖನ ಬರೆದಿದ್ದು ಖುಷಿಯಾಯಿತು. ಆದರೆ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿದ ಮೇಲೆ ಅಂಥ ನೆಲೆಗೆ ನೇಗಿಲಿನ ಭಯವಿಲ್ಲ ಅಂತ ಅದರಲ್ಲಿ ಬರೆದಿದ್ದೀರಲ್ಲ, ಆ ಮಾತನ್ನು ಒಪ್ಪಲಾರೆ. 1979ರ ಕಾನೂನಿನಂತೆ ಅಂಥ ಜಾಗ ಅಗೆಯಲು ಸರ್ಕಾರದ ಒಪ್ಪಿಗೆ ಬೇಕು, ನಿಜ. ಆದರೆ 1994ರ ಆದೇಶ ಒಂದು ಕಿಂಡಿ ಬಿಟ್ಟಿದೆ. ಹಿಂದಿನ 6 ವರ್ಷಗಳಲ್ಲಿ ಅದೇ ಜಾಗವನ್ನು ಕಾನೂನಿನ ಪ್ರಕಾರವೇ ಉತ್ತಿದ್ದರೆ, ಅಷ್ಟೇ ಆಳಕ್ಕೆ ಮತ್ತೆ ಉಳಬಹುದು. ಬೇರೆ ಅರ್ಜಿ ಬೇಕಿಲ್ಲ.

ಅಷ್ಟೇ ಆಳ ತಾನೇ, ಏನಾಗುತ್ತದೆ ಅಂತೀರಾ? ಇಳಿಜಾರಿನ ಹೊಲ ನೋಡಿ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ನೆಲದ ಮಟ್ಟ ಇಳಿಯುತ್ತದೆ. ಆಗ ನೇಗಿಲು ಅಷ್ಟೇ ಇಳಿದರೂ ಹೊಸ ಪದರವನ್ನೇ ಕೆರೆಯುತ್ತದೆ. ಮೊದಲು ಕಂದಕದ ಪಕ್ಕ ಎಬ್ಬಿಸಿದ ಮಣ್ಣಿನ ಏರಿ ಸವೆಯುತ್ತದೆ. ಆಮೇಲೆ ಮನೆಗಳ ನೆಲ, ಒಲೆ, ಮನೆಯ ಕಂಬ ನೆಟ್ಟಿದ್ದ ಗುಳಿಗಳ ಬಾಯಿ. ಕೊನೆಗೆ ಉಳಿಯುವುದು ಕಂದಕದ ತಳ ಅಷ್ಟೇ. 2018ರ ಒಣ ಬೇಸಿಗೆಯಲ್ಲಿ ಪೈರಿನ ನಡುವೆ ಹಸಿರು ಉಂಗುರಗಳು ಮೂಡಿದ ಫೋಟೋ ನೋಡಿ ಎಲ್ಲರೂ ಬೆರಗಾದೆವು, ಅಲ್ವಾ? ಮುಚ್ಚಿಹೋದ ಕಂದಕದಲ್ಲಿ ತೇವ ಜಾಸ್ತಿ, ಅದಕ್ಕೇ ಅಲ್ಲಿ ಪೈರು ಹಸಿರು. ಆದರೆ ಕಂದಕದ ಮೇಲೆ ಪೈರು ಬೆಳೆದಿದೆ ಅಂದರೆ ಪಕ್ಕದ ಏರಿ ಆಗಲೇ ಸಪಾಟಾಗಿದೆ ಅಂತಲೇ ಅರ್ಥ.

ಹಾಗಂತ ರೈತರನ್ನು ಸುಮ್ನೆ ಬೈಯಬೇಡಿ. ಉಳುಮೆ ಬಿಟ್ಟು ಅಂಥ ಜಾಗವನ್ನು ಹುಲ್ಲುಗಾವಲು ಮಾಡುವವರಿಗೆ ಅಲ್ಲಿನ ಕೃಷಿ ಯೋಜನೆಯಲ್ಲಿ ಹಣ ಸಿಗುತ್ತದೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. (ಹುಲ್ಲಾದರೂ ಬಿಲ ತೋಡುವ ಮೊಲಗಳ ಕಾಟ ತಪ್ಪಿದ್ದಲ್ಲ, ಅದು ಬೇರೆ ಮಾತು.)