ನಾವು ಮಲ್ಲೇಶ್ವರಕ್ಕೆ ಹೋಗಿ ಬಂದಿದ್ದು

ಹೊರಡುವ ಹಿಂದಿನ ಸಂಜೆ ಅಮ್ಮ ಪಕ್ಕದ ಮನೆ ಆಂಟಿಗೆ, "ನಾಳೆ ಮಲ್ಲೇಶ್ವರಕ್ಕೆ ಹೋಗ್ತಿದ್ದೀವಿ, ಮೂರು ದಿನ ಇರಲ್ಲ, ಹಾಲು ಬೇಡ ಅಂತ ಹೇಳಿಬಿಡಿ" ಅಂದಳಂತೆ. ಆಂಟಿಗೆ ಗಾಬರಿ. ಮೆಟ್ರೋ ಹತ್ತಿದರೆ ಅರ್ಧ ಗಂಟೆಯ ಮಲ್ಲೇಶ್ವರದಲ್ಲಿ ಇವರಿಗೆ ಮೂರು ದಿನ ಏನು ಕೆಲಸ? ಆದರೂ ಬಿಡದೆ, "ಬರುವಾಗ ಎಂಟನೇ ಕ್ರಾಸಿಂದ ಎರಡು ಮಾರು ಕನಕಾಂಬರ ತನ್ನಿ" ಅಂದರಂತೆ.

ನಮ್ಮ ಮಲ್ಲೇಶ್ವರ ಇರುವುದು ಬೆಂಗಳೂರಿಂದ 300 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ಕಳಸದ ಆಚೆ. ಬೋರ್ಡಿನಲ್ಲಿ ಕುದುರೆಮುಖ ಅಂತಿದ್ದರೂ ಸುತ್ತಲಿನವರ ಬಾಯಲ್ಲಿ ಅದು ಮಲ್ಲೇಶ್ವರ. 1976ರಲ್ಲಿ ಶುರುವಾದ ಕಬ್ಬಿಣದ ಗಣಿ ಕಂಪನಿಗಾಗಿ ಗುಡ್ಡದ ನಡುವೆ ಕಟ್ಟಿದ ಊರು. ಅದಿರನ್ನು ಹಿಟ್ಟು ಮಾಡಿ, ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಅಪ್ಪನ ಕೆಲಸ ಆ ಕಲಸುವ ಕಡೆ. "ನಮ್ಮಪ್ಪ ದೋಸೆ ಹಿಟ್ಟು ರುಬ್ಬೋ ಫ್ಯಾಕ್ಟರೀಲಿದಾರೆ" ಅಂತ ನಾನು ಒಂದನೇ ಕ್ಲಾಸಿನಲ್ಲಿ ಹೇಳಿದ್ದೆನಂತೆ. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಊರೂ ಖಾಲಿಯಾಯಿತು.

"ಮುಚ್ಚಿದ ಅಂಗಡಿ ನೋಡೋಕೆ ನಾನು ಬರಲ್ಲ" ಅಂತ ಅಪ್ಪ ಮನೆಯಲ್ಲೇ ಉಳಿದರು. ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು ಹೊರಟೆವು.

ಹಾಸನದವರೆಗೆ ನಾನು ಊರಿನ ಬಗ್ಗೆ ಕೊಚ್ಚಿಕೊಂಡೆ. ಬೇಲೂರಿನವರೆಗೂ ಕೊಚ್ಚಿಕೊಂಡೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಅಂದರೆ ಬೆಂಗಳೂರಿನ ಏಳು ಪಟ್ಟು. ಒದ್ದೆ ಯೂನಿಫಾರ್ಮನ್ನೇ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆವು, ನಮಗೆ ನೆಗಡಿಯೇ ಆಗುತ್ತಿರಲಿಲ್ಲ. "ತಿಂಗಳಿಗೆರಡು ಸಲ ಆಗ್ತಿತ್ತು" ಅಂತ ಹಿಂದಿನ ಸೀಟಿನಿಂದ ಅಮ್ಮ.

ಕೊಟ್ಟಿಗೆಹಾರದಲ್ಲಿ ಮಗ ಎಂಟು ನೀರುದೋಸೆ ತಿಂದ. ಕಳಸದ ದಾರಿಯ ತಿರುವುಗಳಲ್ಲಿ ಎಂಟನ್ನೂ ವಾಪಸ್ ಕೊಟ್ಟ. ಸಮಯಕ್ಕೆ ಕೈಗೆ ಸಿಕ್ಕಿದ್ದು ಅಮ್ಮನ ಚಕ್ಕುಲಿ ಡಬ್ಬ. ಜಾಸ್ತಿ ವಿವರ ಬೇಡ. ಚಕ್ಕುಲಿ ಇನ್ನೂ ಮುಕ್ಕಾಲು ಡಬ್ಬ ಇತ್ತು ಅಂತ ಮಾತ್ರ ಹೇಳುತ್ತೇನೆ.

ಊರು ಬಂತು. ನಾನು ಕಾರು ನಿಧಾನ ಮಾಡಿ, ಗಂಟಲು ಸರಿ ಮಾಡಿಕೊಂಡು, "ನೋಡಿ ಮಕ್ಕಳೇ" ಅಂದೆ. ನೋಡಲು ಮಂಜು ಬಿಟ್ಟು ಏನೂ ಇರಲಿಲ್ಲ. ಆಮೇಲೆ ಮಂಜು ಸರಿದು ಕ್ವಾರ್ಟರ್ಸ್ ಕಂಡವು. ಗೋಡೆ ತುಂಬ ಪಾಚಿ, ಕಿಟಕಿಯೊಳಗೆ ಬಳ್ಳಿ. ಮಗಳು ಪೂರ್ತಿ ಬೀದಿ ನೋಡಿ ಕೇಳಿದಳು. "ಅಪ್ಪಾ, ಇಲ್ಲಿ ಜನ ಎಷ್ಟು ಗಂಟೆಗೆ ಬರ್ತಾರೆ?"

ಕಂಪನಿ ಕ್ವಾರ್ಟರ್ಸ್ ಅಂದರೆ ಗೊತ್ತಲ್ಲ, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಮೂರು ಬೀದಿ ಸುತ್ತಿ ಕೊನೆಗೆ ಒಂದು ಮನೆ ಮುಂದೆ ನಿಂತೆ. ಅದೇ ಮೆಟ್ಟಿಲು. ಅದೇ ಕಟಕಟೆ. ಎದೆ ತುಂಬಿ ಬಂತು. ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡೆ. ಹೆಂಡತಿ ವಿಡಿಯೋ ಮಾಡಿದಳು, ನಾನು ಬಾಗಿಲು ಮುಟ್ಟಿ ನಮಸ್ಕಾರ ಮಾಡುವುದು ಸೇರಿ. ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅಮ್ಮ ಕೊಡೆ ಹಿಡಿದು ನಿಧಾನಕ್ಕೆ ಇಳಿದು ಬಂದಳು.

"ಇದು ನಮ್ಮ ಮನೆ ಅಲ್ಲ ಕಣೋ."

ನಮ್ಮದು ಎಡಗಡೆ ಕೊನೆಯಿಂದ ಎರಡನೆಯದಂತೆ. ಹೋಗಿ ನೋಡಿದರೆ ಅದರ ಮೆಟ್ಟಿಲೂ ಹಾಗೇ, ಕಟಕಟೆಯೂ ಹಾಗೇ. ಆದರೆ ಮೂಲೆಯಲ್ಲಿ ಆಳೆತ್ತರದ ಬಿಳಿ ದಾಸವಾಳ. "ನಾನೇ ನೆಟ್ಟಿದ್ದು" ಅಂತ ಅಮ್ಮ ಅದರ ಎಲೆ ಸವರಿದಳು. ಮತ್ತೆ ಮೆಟ್ಟಿಲ ಮೇಲೆ ಕೂತೆ. "ರೀ, ಈ ಸಲ ಅಳು ಬರ್ತಿಲ್ಲ ನೋಡಿ" ಅಂದಳು ಹೆಂಡತಿ. ನಿಜ, ಇದ್ದದ್ದೆಲ್ಲ ಆ ಮನೆ ಮುಂದೆ ಖರ್ಚಾಗಿತ್ತು. ಅಮ್ಮ ಒಂದು ಟೊಂಗೆ ಮುರಿದು ಒದ್ದೆ ಕರ್ಚೀಫಿನಲ್ಲಿ ಸುತ್ತಿಕೊಂಡಳು.

ಇಂಬಳದ ವಿಷಯ ಹೇಳಲೇಬೇಕು. ಹೆಂಡತಿ ಮಕ್ಕಳ ಕಾಲಿಗೆ ಉಪ್ಪು, ಹೊಗೆಸೊಪ್ಪಿನ ನೀರು ಎಲ್ಲ ಹಚ್ಚಿಸಿದವನು ನಾನೇ. "ನನಗೆ ಬೇಡ, ನಾನು ಮಲೆನಾಡಿನವನು" ಅಂದಿದ್ದೆ. ರಾತ್ರಿ ಕಳಸದ ಲಾಡ್ಜಿನಲ್ಲಿ ಬಿಳಿ ಬೆಡ್‌ಶೀಟ್ ಮೇಲೆ ಕೂತು ಎದ್ದರೆ ಅಂಗೈಯಗಲ ರಕ್ತ. ಮಂಡಿಯ ಹಿಂದೆ ದ್ರಾಕ್ಷಿ ಹಣ್ಣಿನಷ್ಟು ಉಬ್ಬಿದ ಇಂಬಳ. ಮಗ ಖುಷಿಯಿಂದ ಕಿರುಚಿದ, ದಾರಿಯಲ್ಲಿ ಅವನಿಗಿದ್ದ ಕಸಿವಿಸಿಯೆಲ್ಲ ಹೋಯಿತು. ಉಪ್ಪು ಹಾಕಿ ಬೀಳಿಸಿದರೂ ರಕ್ತ ನಿಲ್ಲದು. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಇದನ್ನೂ ಬೆಳಿಗ್ಗೆ ನಾನೇ ಎಲ್ಲರಿಗೂ ಪಾಠ ಮಾಡಿದ್ದೆ. ಬೇರೆ ಶೀಟು ತಂದ ಲಾಡ್ಜಿನ ಹುಡುಗ ನನ್ನ ಕಾಲು ನೋಡಿ ಕನಿಕರದಿಂದ ಕೇಳಿದ. "ಬೆಂಗ್ಳೂರ್ನೋರಾ ಸಾರ್?"

"ಹೌದಪ್ಪ" ಅಂದಳು ಅಮ್ಮ.

ಬೆಂಗಳೂರಿಗೆ ಬಂದ ರಾತ್ರಿ ಅಪ್ಪನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೊದಲ ಫೋಟೋ ಹಿಗ್ಗಿಸಿ ನೋಡಿದರು. "ಇದು ಸ್ಟೋರ್ಸ್‌ನಲ್ಲಿದ್ದ ಬಂಗಾಳಿಯವರ ಮನೆ. ಇಲ್ಯಾಕೆ ಅಳ್ತಿದ್ದೀಯ?" ಅಮ್ಮ ಗೆಲುವಿನಿಂದ ನನ್ನ ಕಡೆ ನೋಡಿದಳು. ಅಪ್ಪ ಮುಂದಿನ ಫೋಟೋಗೆ ಹೋದರು.

"ಇದೂ ಅಲ್ಲ."

"ಯಾಕಲ್ಲ? ದಾಸವಾಳ ಕಾಣ್ತಿಲ್ವಾ?"

"ನೀನು ನೆಟ್ಟಿದ್ದು ಕೆಂಪು ದಾಸವಾಳ. ನಮ್ಮದು ಹಿಂದಿನ ಬೀದಿ."

ಅಮ್ಮ ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆ ಟೊಂಗೆ ಬಾಲ್ಕನಿಯ ಹಳೇ ಪೇಂಟ್ ಡಬ್ಬದಲ್ಲಿ ಚಿಗುರಿದೆ. ಯಾರ ಮನೆಯದೋ ಏನೋ, ದಿನಾ ಬೆಳಿಗ್ಗೆ ನೀರು ಹಾಕುವುದು ಮಾತ್ರ ಅಪ್ಪ. ಪಕ್ಕದ ಮನೆ ಆಂಟಿ ಕನಕಾಂಬರ ಎಲ್ಲಿ ಅಂತ ಇನ್ನೂ ಕೇಳುತ್ತಿದ್ದಾರೆ.